ಮೊದಲ ಕೂರಿಗೆ

ಹೋಳಿ ಹುಣ್ಣಿಮೆ ಕಳೆದು ಹತ್ತು ದಿನವಾಗಿತ್ತು. ಯುಗಾದಿಗೆ ಇನ್ನು ಐದು ದಿನ. ರಾಯಬಾಗದ ಸುತ್ತಿನ ಹೊಲಗಳಲ್ಲಿ ಕಬ್ಬು ಕಡಿಯುವ ಕೆಲಸ ತೀರುತ್ತ ಬಂದಿತ್ತು. ಕಡಿದ ಹೊಲಗಳ ತುಂಬ ರವದಿ ಹಾಸಿಕೊಂಡು ಬಿದ್ದಿತ್ತು. ಒಣಗಿದ ಆ ಕಬ್ಬಿನ ಎಲೆಗಳು ಗಾಳಿ ಬಂದಾಗೊಮ್ಮೆ ಸರಸರ ಎಂದು ಮತ್ತೆ ಸುಮ್ಮನಾಗುತ್ತಿದ್ದವು. ನದಿಯ ದಂಡೆಯ ಮೇಲಿದ್ದ ಅಣ್ಣಾಸಾಬನ ನಾಲ್ಕು ಎಕರೆಯಲ್ಲಿ ಮಾತ್ರ ಬೆಳಗಿನಿಂದ ಕೊಯ್ತದ ಸಪ್ಪಳ ನಡೆದೇ ಇತ್ತು. ಗಂಡಸರು ಬುಡಕ್ಕೆ ಕಡಿಯುತ್ತಿದ್ದರು, ಹೆಂಗಸರು ಸಿಪ್ಪೆ ಸವರಿ ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು, ಹಲಗೆಯ ಮೇಲಿಂದ ಹತ್ತಿ ಟ್ರೇಲರಿಗೆ ಒಗೆಯುತ್ತಿದ್ದರು.

ಮಾಳಸಿದ್ದ ಟ್ರೇಲರಿನ ಮೇಲೆ ನಿಂತು ಹೊರೆಗಳನ್ನು ತಲೆ-ಬುಡ ನೋಡಿ ಜೋಡಿಸುತ್ತಿದ್ದ. ಅಣ್ಣಾಸಾಬನ ಟ್ರ್ಯಾಕ್ಟರ್ ಹೊಡೆಯಲು ನಿಂತು ಅವನಿಗೆ ನಾಲ್ಕು ವರ್ಷವಾಗಿತ್ತು. ವಯಸ್ಸು ಇಪ್ಪತ್ತೆಂಟು. ಈ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಗೆ ಎಷ್ಟು ಖೇಪು ಕಬ್ಬು ಹೊಡೆದನೆಂಬುದು ಅವನಿಗೇ ನೆನಪಿರಲಿಲ್ಲ. ಇದು ಕಡೆಯದು ಎಂಬುದಷ್ಟೇ ಗೊತ್ತಿತ್ತು. ಕಡೆಯ ಖೇಪು ಅಂದರೆ ಆ ಸೀಮೆಯಲ್ಲಿ ಒಂದು ಸಣ್ಣ ಹಬ್ಬ. ಟ್ರೇಲರಿನ ನಾಲ್ಕು ಮೂಲೆಗೆ ಎಲೆಯ ಸಮೇತ ಹಸಿರು ಕಬ್ಬಿನ ಗಳ ನೆಟ್ಟು ಮೇಲೆ ಬಾಗಿಸಿ ಕಟ್ಟುತ್ತಾರೆ. ಟ್ರ್ಯಾಕ್ಟರಿನ ಮೂತಿಗೆ ಕಾಯಿ ಒಡೆಯುತ್ತಾರೆ. ಡ್ರೈವರನಿಂದ ಹಿಡಿದು ಕೂಸಿನ ತನಕ ಎಲ್ಲರ ಮೋರೆಗೂ ಗುಲಾಲು.

ಈ ಸಲ ಹುರುಪು ಹೆಚ್ಚಿತ್ತು. ಕಡಿಯುವ ಗ್ಯಾಂಗಿನವರು ಜತ್ತದ ಕಡೆಯವರು. ದೀಪಾವಳಿಗೆ ಬಂದವರು ಐದು ತಿಂಗಳ ಮೇಲೆ ಊರ ಮುಖ ನೋಡುವವರಿದ್ದರು. ಅವರ ಮೇಸ್ತ್ರಿ, ಮುಕಾದಮ ಬಾಳಾಸಾಬ, ರಾಯಬಾಗಕ್ಕೆ ಹೋಗಿ ಮೈಕಿನ ಅಂಗಡಿಯಿಂದ ಟೇಪು, ಬ್ಯಾಟರಿ, ತಗಡಿನ ತುತ್ತೂರಿಯಂಥ ಒಂದು ಭೋಂಗಾ ಹಿಡಿದುಕೊಂಡು ಬಂದಿದ್ದ. ಭೋಂಗಾ ಎತ್ತರದಲ್ಲಿದ್ದರೆ ಹಾಡು ನಾಲ್ಕು ಊರಿಗೆ ಕೇಳುತ್ತದೆ. ಅದಕ್ಕೆಂದು ಪಂಪಿನ ಮನೆಯ ಹಿಂದೆ ಬಿದ್ದಿದ್ದ ಒಂದು ಹಳೆಯ ಕಬ್ಬಿಣದ ಪೈಪು ತಂದು, ಹೊರೆಗಳ ನಡುವೆ ಊರಿ, ತುದಿಗೆ ಭೋಂಗಾ ಬಿಗಿದ.

"ಮಲಿಕ ಕಾಕಾನ ಕೇಳಿದಿಯೇನು ಪೈಪಿಗೆ?" ಎಂದು ಮಾಳಸಿದ್ದ ಮೇಲಿನಿಂದ ಕೇಳಿದ.

"ಅಂವ ಉಣ್ಣಾಕ ಹೋಗ್ಯಾನ. ಪೈಪೇನ್ ಅವನ ಮಾವನ ಮನಿದೇನೋ? ನಾಳೆ ಅಲ್ಲೇ ಒಗದ್ರಾತು," ಎಂದ ಬಾಳಾಸಾಬ.

ಮಲಿಕಸಾಬ ಆ ಪಂಪಿನ ಮನೆ ಕಾಯುವವನು. ಬಲಗೈ ಮೊಣಕೈಯ ಮೇಲಿನಿಂದಲೇ ಇರಲಿಲ್ಲ. ಅಂಗಿಯ ಆ ತೋಳನ್ನು ಮಡಚಿ ಪಿನ್ನು ಹಾಕಿಕೊಳ್ಳುತ್ತಿದ್ದ. ಎಲ್ಲಿಗೇ ಹೋಗಲಿ, ಮೊದಲು ಕತ್ತೆತ್ತಿ ಮೇಲೆ ನೋಡುವುದು ಅವನ ಚಟ. ಮದುವೆಯ ಹಂದರಕ್ಕೆ ಹೋದರೂ ಮೇಲೆ, ಬಸ್‌ಸ್ಟ್ಯಾಂಡಿಗೆ ಹೋದರೂ ಮೇಲೆ. "ಸಾಬಾ, ಅಲ್ಲಾ ಕಾಣಿಸಿದನೇನೋ?" ಎಂದು ಜನ ನಗುತ್ತಿದ್ದರು. ಅವನೂ ನಗುತ್ತಿದ್ದ. ಮಾಳಸಿದ್ದ ಮಾತ್ರ ಆ ನಗೆಯಲ್ಲಿ ಒಂದು ದಿನವೂ ಸೇರಿದವನಲ್ಲ.

ಯಾಕೆಂದರೆ ಆ ಕೈ ಹೋದದ್ದು ಮಾಳಸಿದ್ದನ ಅಣ್ಣ ಸತ್ಯಪ್ಪನ ಸಲುವಾಗಿ. ಹನ್ನೆರಡು ವರ್ಷದ ಹಿಂದೆ ಮಲಿಕಸಾಬ, ಸತ್ಯಪ್ಪ ಇಬ್ಬರೂ ಹಮಾಲಿಗೆಂದು ರೈಲು ಹತ್ತಿ ಮಿರಜ, ದೌಂಡ ದಾಟಿ ಮನಮಾಡಕ್ಕೆ ಹೋಗಿದ್ದರು. ಅಲ್ಲಿ ರೈಲು ಓಡುವುದು ಕರೆಂಟಿನ ಮೇಲೆ. ಹಳಿಯ ಉದ್ದಕ್ಕೂ ಮೇಲೆ ತಂತಿ. ಸತ್ಯಪ್ಪ ವ್ಯಾಗನ್ ಏರಿದಾಗ ತಂತಿ ಹಿಡಿಯಿತು, ಮಲಿಕಸಾಬ ಅವನನ್ನು ಎಳೆಯಲು ಹೋಗಿ ಕೈ ಕಳೆದುಕೊಂಡ, ಸತ್ಯಪ್ಪ ಉಳಿಯಲಿಲ್ಲ. ಊರಿಗೆ ಬಂದ ಸುದ್ದಿ ಅಷ್ಟು. ಅಂದಿನಿಂದ ಲಕ್ಕವ್ವ, ಅಂದರೆ ಸತ್ಯಪ್ಪ-ಮಾಳಸಿದ್ದರ ತಾಯಿ, ಒಂದು ರೂಢಿ ಹಾಕಿದಳು. ಮಿರಗದ, ಅಂದರೆ ಮೃಗಶಿರೆಯ, ಮಳೆ ಬಿದ್ದು ಬಿತ್ತಿಗೆ ಹೊರಟಾಗ ಮನೆಯ ಕೂರಿಗೆ ಮೊದಲು ಮಲಿಕಸಾಬನ ಒಂದು ಎಕರೆಗೆ ಹೋಗಬೇಕು, ಆಮೇಲೆ ತಮ್ಮ ಹೊಲಕ್ಕೆ. ಕೂರಿಗೆಯ ಬಟ್ಟಲಿಗೆ ಬೀಜ ಬಿಡಲು ಅವಳೇ ಹೋಗುತ್ತಿದ್ದಳು. ಒಂದು ವರ್ಷ ಮಳೆ ಒಂದೇ ದಿನ ಬಿದ್ದು ಹದ ಆರಿಹೋಯಿತು. ಮಲಿಕಸಾಬನ ಶೇಂಗಾ ಎದ್ದಿತು, ಇವರದು ಏಳಲಿಲ್ಲ. ಮರುವರ್ಷವೂ ಲಕ್ಕವ್ವ ಕೂರಿಗೆಯನ್ನು ಮೊದಲು ಅಲ್ಲಿಗೇ ಕಳಿಸಿದಳು. "ನನ ಮಗನ್ನ ಮುಟ್ಟಿದ ಕೈ ಅದು," ಎನ್ನುತ್ತಿದ್ದಳು, ಯಾರಾದರೂ ಕೇಳಿದರೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಹೊರೆಗೆಲ್ಲ ಹಗ್ಗ ಬಿಗಿದಾಯಿತು. ಕಾಯಿ ಒಡೆದರು. ಗುಲಾಲು ಹಾರಿತು. ಭೋಂಗಾದಲ್ಲಿ ಮರಾಠಿ ಹಾಡು ಶುರುವಾಯಿತು. ಮಾಳಸಿದ್ದ ಸೀಟಿನ ಮೇಲೆ ಕೂತು ಗಿಯರು ಹಾಕಿದ. ಬಾಳಾಸಾಬ ಟವೆಲು ಬೀಸುತ್ತ ಮುಂದೆ ಕುಣಿದುಕೊಂಡು ಹೊರಟ. ಗ್ಯಾಂಗಿನ ಕಂದು ನಾಯಿ ಅವನ ಕಾಲಲ್ಲಿ ಅಡ್ಡಾಡುತ್ತ ನಡೆಯಿತು.

ಹೊಲದ ಬದುವಿನಲ್ಲಿ ನೀರಿನ ಕಾಲುವೆಯೊಂದಿತ್ತು. ಅದಕ್ಕೆ ಅಡ್ಡ ಕಲ್ಲು ಹಾಕಿ ಗಾಡಿ ದಾಟುವಂತೆ ಮಾಡಿದ್ದರು. ಅದರ ಮೇಲೆಯೇ ಪಂಪುಗಳ ಕಡೆ ಹೋಗುವ ಹನ್ನೊಂದು ಸಾವಿರ ವೋಲ್ಟಿನ ಕರೆಂಟಿನ ಲೈನು. ತುಂಬಿದ ಟ್ರೇಲರಿಗೂ ತಂತಿಗೂ ನಡುವೆ ಒಂದು ಆಳು ನಿಲ್ಲುವಷ್ಟು ಜಾಗ ಯಾವಾಗಲೂ ಉಳಿಯುತ್ತಿತ್ತು. ನೂರು ಸಲ ದಾಟಿದ ದಾರಿ. ಈ ಸಲ ಆ ಜಾಗದಲ್ಲಿ ಪೈಪು ನಿಂತಿದೆ ಎಂಬುದು ಮಾಳಸಿದ್ದನಿಗೂ ಹೊಳೆಯಲಿಲ್ಲ, ಮುಂದೆ ಕುಣಿಯುವವನಿಗೂ ಹೊಳೆಯಲಿಲ್ಲ.

ಹಾಡು ನಡುವೆಯೇ ತುಂಡಾಯಿತು.

ಬೆನ್ನ ಹಿಂದೆ ಚಟಾರನೆ ಒಂದು ಸದ್ದು. ನೀಲಿ ಬೆಳಕು ಬಿಸಿಲಿನಲ್ಲೂ ಕಾಣುವಷ್ಟು ಹೊಳೆದು ಹೋಯಿತು. ಮಾಳಸಿದ್ದ ಬೆದರಿ ಬ್ರೇಕು ತುಳಿದ. ಮುಂದಿನ ಗಾಲಿ ಕಲ್ಲಿನಿಂದ ಜಾರಿ ಕಾಲುವೆಗೆ ಇಳಿಯಿತು, ಎಂಜಿನ್ ನಿಂತಿತು. ಎಂಜಿನ್ ನಿಂತ ಮೇಲೆ ಇನ್ನೊಂದು ಸದ್ದು ಕೇಳಿಸತೊಡಗಿತು. ಜೇನು ಎದ್ದ ಹಾಗೆ, ಆದರೆ ಒಂದೇ ಸಮ. ಅವನ ಮುಂಗೈಯ ಕೂದಲು ತಾವಾಗಿಯೇ ನೆಟ್ಟಗಾದವು. ತಿರುಗಿ ನೋಡಿದ. ಭೋಂಗಾದ ಬಾಯಿ ತಂತಿಯನ್ನು ಕಚ್ಚಿಕೊಂಡಿತ್ತು.

ನಾಯಿಗೆ ಏನನ್ನಿಸಿತೋ, ಟ್ರ್ಯಾಕ್ಟರಿನ ಕಡೆ ಓಡಿಬಂದು ಹಿಂದಿನ ಗಾಲಿಯ ಕಬ್ಬಿಣಕ್ಕೆ ಮೂಗು ತಾಗಿಸಿತು. ಕುಂಯ್ ಎನ್ನಲಿಲ್ಲ. ಕಾಲು ಚಾಚಿ ಅಲ್ಲೇ ಬಿದ್ದಿತು.

ಹಿಂದೆ ಬರುತ್ತಿದ್ದ ಹೆಂಗಸರು ನಿಂತರು. ನೀರಿನ ಕೊಡ ಹೊತ್ತಿದ್ದ ಸಕ್ಕುಬಾಯಿ, ಬಾಳಾಸಾಬನ ಹೆಂಡತಿ, ನಾಯಿಯ ಕಡೆ ಎರಡು ಹೆಜ್ಜೆ ಬಂದವಳು "ಅಗಬಾಯಿ, ನೆಲ ಅಂಗಾಲು ಕಚ್ಚತೈತಿ," ಎಂದು ಹಿಂದೆ ಸರಿದಳು.

"ಯಾರೂ ಮುಂದ ಬರಬ್ಯಾಡ್ರಿ. ನಿಂತಲ್ಲೇ ನಿಲ್ರಿ."

ಪಂಪಿನ ಮನೆಯ ಕಡೆಯಿಂದ ಮಲಿಕಸಾಬ ಕೂಗುತ್ತ ಓಡಿ ಬರುತ್ತಿದ್ದ. ಬಾಯಲ್ಲಿ ಇನ್ನೂ ತುತ್ತು ಇತ್ತು. ಮೂವತ್ತು ಹೆಜ್ಜೆ ದೂರದಲ್ಲಿ ತಾನೇ ಗೆರೆ ಎಳೆದವನ ಹಾಗೆ ನಿಂತು, ಮೊದಲು ಮೇಲೆ ನೋಡಿದ, ಆಮೇಲೆ ಮಾಳಸಿದ್ದನನ್ನು.

"ಸಿದ್ಯಾ, ಇಳೀಬ್ಯಾಡ."

"ಇಳಿಯಾಕತ್ತಿಲ್ಲ ಕಾಕಾ."

"ಕಾಲ ಕೆಳಗ ಬಿಡಬ್ಯಾಡ. ಮ್ಯಾಲ ಇಟ್ಕೊಂಡು ಸುಮ್ಮ ಕುಂದ್ರು. ಗಾಡಿ ಚಾಲೂ ಮಾಡೂದು ಬ್ಯಾಡ, ಜಗ್ಗಿದ್ರ ತಂತಿ ಹರದು ನಿನ್ನ ಮ್ಯಾಲೇ ಬೀಳತೈತಿ. ನೀ ಕುಂತಲ್ಲೇ ಕುಂತರ ಅದು ನಿನಗೇನೂ ಮಾಡಾಂಗಿಲ್ಲ. ಗುಬ್ಬಿ ತಂತಿ ಮ್ಯಾಲ ಕುಂದ್ರೂದಿಲ್ಲೇನು? ಹಂಗ. ನೀ ಈಗ ಗುಬ್ಬಿ."

"ಮೀಸಿ ಬಿಟ್ಟ ಗುಬ್ಬಿ," ಎಂದು ಗ್ಯಾಂಗಿನಲ್ಲಿ ಯಾರೋ ಅಂದರು. ಒಬ್ಬಿಬ್ಬರು ನಕ್ಕರು. ನಾಯಿಯನ್ನು ನೋಡಿ ಆ ನಗೆ ನಿಂತಿತು.

ಅಣ್ಣಾಸಾಬ ರಾಜದೂತ ಮೋಟಾರ್‌ಸೈಕಲ್ಲು ಹತ್ತಿ ಲೈನು ಬಂದ್ ಮಾಡಿಸಲು ರಾಯಬಾಗದ ಕರೆಂಟ್ ಆಫೀಸಿಗೆ ಓಡಿದ. ಹೋಗಲು ಎಂಟು ಮೈಲಿ, ಬರಲು ಎಂಟು ಮೈಲಿ. ಅಲ್ಲಿ ಮನುಷ್ಯರು ಸಿಕ್ಕಬೇಕು.

ಮಾಳಸಿದ್ದ ಕೂತ. ಕೂರುವುದು ಇಷ್ಟು ಕಷ್ಟದ ಕೆಲಸ ಎಂದು ಅವನಿಗೆ ತಿಳಿದಿರಲಿಲ್ಲ. ಬಿಸಿಲು ಎದುರಿಗಿತ್ತು. ಸ್ಟಿಯರಿಂಗ್ ಕಾದ ಹಂಚಿನ ಹಾಗೆ ಸುಡುತ್ತಿತ್ತು. ಬಿಟ್ಟರೆ ಕೈ ಎಲ್ಲಿಡಬೇಕೋ ಗೊತ್ತಿಲ್ಲ. ಕಾಲು ಮಡಚಿ ಸೀಟಿನ ಮೇಲೆ ಇಟ್ಟುಕೊಂಡಿದ್ದರಿಂದ ಮಂಡಿ ಜೋಮು ಹಿಡಿಯಿತು. ಗುಲಾಲು ಬೆವರಿನಲ್ಲಿ ಕರಗಿ ಕಣ್ಣಿಗೆ ಇಳಿಯುತ್ತಿತ್ತು. ಮೂವತ್ತೇ ಹೆಜ್ಜೆ ದೂರದಲ್ಲಿ ಸಕ್ಕುಬಾಯಿಯ ಕೊಡ, ಕೊಡದ ಮೈಮೇಲೆ ನೀರಿನ ಹನಿ. ನೆಲ ಕಾಲಿಗೆ ಎರಡು ಮೊಳ ಕೆಳಗೆ ಇತ್ತು. ಹುಟ್ಟಿದಾಗಿನಿಂದ ತುಳಿದ ನೆಲ. ಅದನ್ನು ಈಗ ಬಾವಿಯೊಳಗೆ ಇಣುಕಿದ ಹಾಗೆ ನೋಡಬೇಕಾಗಿತ್ತು. ಬೆನ್ನ ಹಿಂದಿನ ಗುಂಯ್ ಎನ್ನುವ ಸದ್ದು ಒಮ್ಮೆ ಜೋರಾಗುತ್ತಿತ್ತು, ಒಮ್ಮೆ ಇಳಿಯುತ್ತಿತ್ತು. ಇಳಿದಾಗ, ಈಗ ಹಾರಿದರೆ ಏನಾದೀತು ಎನ್ನಿಸುತ್ತಿತ್ತು.

"ಕಾಕಾ, ಸಪ್ಪಳ ನಿಂತಾಂಗ ಆತಲ್ಲ."

"ನಿಂತಿಲ್ಲ."

"ನಿಂತೈತಿ, ನೋಡು."

"ನಿಂತರೂ ಇಳೀಬ್ಯಾಡ. ಸತ್ತ ತಂತಿ ಯಾವಾಗ ಜೀವಾ ಹಿಡಿತೈತಿ ಅಂತ ಯಾರಿಗೂ ತಿಳಿಯಾಂಗಿಲ್ಲ. ಅಣ್ಣಾಸಾಬ ಬಂದು ಲೈನ್ ಬಂದ್ ಆತು ಅನ್ನೂತನಕ ಕುಂದ್ರು." ಅವನು ಹೇಳಿ ಮುಗಿಸುವುದರೊಳಗೆ ಸದ್ದು ಮತ್ತೆ ಎದ್ದಿತು. 

ಒಂದು ಗಂಟೆ ಹೋಯಿತು. ಮಾಳಸಿದ್ದನ ತಲೆ ತಿರುಗತೊಡಗಿತು. ಸೀಟಿನ ಮೇಲಿಂದ ಒಮ್ಮೆ ಪಕ್ಕಕ್ಕೆ ವಾಲಿದವನು ತಾನೇ ಬೆಚ್ಚಿ ಸರಿಯಾಗಿ ಕೂತ. ಅದನ್ನು ನೋಡಿದ ಬಾಳಾಸಾಬನಿಗೆ ತಡೆಯಲಾಗಲಿಲ್ಲ. ಪೈಪು ಊರಿದವನು ತಾನು ಎಂಬುದು ಅವನನ್ನು ಆಗಿನಿಂದ ತಿನ್ನುತ್ತಿತ್ತು. ಕಬ್ಬಿನ ಹೊರೆಗೆ ಬಿಗಿದು ಉಳಿದು ಬಕೆಟ್ಟಿನಲ್ಲಿ ನೆನೆಯುತ್ತಿದ್ದ ಉದ್ದನೆಯ ನೂಲಿನ ಹಗ್ಗವೊಂದನ್ನು ಸಿಂಬೆ ಸುತ್ತಿಕೊಂಡು ಮುಂದೆ ಬಂದ.

"ಹಿಂಗ ನೋಡಕೋತ ಕುಂತರ ಅಂವ ಚಕ್ಕರ ಬಂದು ತಾನಾಗೇ ಬೀಳ್ತಾನ. ಸಿದ್ದಾ, ಹಗ್ಗ ಒಗೀತೀನಿ. ನಡಕ ಕಟ್ಟಿಕೋ, ಎದ್ದು ನಿಲ್ಲು. ಹತ್ತು ಮಂದಿ ಒಮ್ಮೆಲೇ ಜಗ್ಗಿಬಿಡ್ತೀವಿ. ಗಾಳ್ಯಾಗ ಹಾರಿ ಬರ್ತಿ."

"ಹಗ್ಗ ಬ್ಯಾಡ," ಎಂದ ಮಲಿಕಸಾಬ.

"ಹಗ್ಗದಾಗ ಕರೆಂಟ್ ಹರೀತೈತೇನೋ ಸಾಬಾ? ನೂಲಿನ ಹಗ್ಗ ಇದು. ನಿನಗ ಒಮ್ಮೆ ಸುಟ್ಟೈತಿ, ಅದಕ ಕಂಡದ್ದಕ್ಕೆಲ್ಲಾ ಅಂಜತಿ."

"ಹಸೀ ಐತಿ ಅದು."

"ಹಸೀ ಇರಲಾರದ ಮತ್ತೇನು? ತೋಯಿಸದ ಹೊರಿ ಬಿಗೀತಾರೇನು ಯಾರರ?"

ಅದು ಆ ಸೀಮೆಯ ಕೆಲಸದ ಪದ್ಧತಿ. ಜೋಳದ ಕಣಿಕೆಯ ಗಾಡಿಯಾಗಲಿ ಕಬ್ಬಿನ ಹೊರೆಯಾಗಲಿ, ಹಗ್ಗವನ್ನು ನೀರಿನಲ್ಲಿ ಅದ್ದಿ ಬಿಗಿಯುತ್ತಾರೆ. ಒಣಗುತ್ತ ಅದು ಇನ್ನಷ್ಟು ಕಚ್ಚಿ ಹಿಡಿಯುತ್ತದೆ. ಮಾಳಸಿದ್ದನೂ ಬೆಳಿಗ್ಗೆ ಕಾಲುವೆಯಲ್ಲಿ ನಾಲ್ಕು ಹಗ್ಗ ತೋಯಿಸಿದ್ದ.

"ಒಗಿ ಬಾಳಣ್ಣಾ," ಎಂದ ಮಾಳಸಿದ್ದ. ಅವನ ದನಿ ಅವನಿಗೇ ಬೇರೆಯಾಗಿ ಕೇಳಿಸಿತು. "ನನಗಿನ್ನ ಕುಂದ್ರೂದು ಆಗೂದಿಲ್ಲ ಕಾಕಾ. ಒಗೀಲಿ." ಅವನು ಜೋಮು ಹಿಡಿದ ಕಾಲನ್ನು ಬಿಡಿಸಿ, ಮಡ್‌ಗಾರ್ಡ್ ಹಿಡಿದು ಅರ್ಧ ಎದ್ದ.

ಬಾಳಾಸಾಬ ಹಗ್ಗದ ತುದಿಗೆ ಗಂಟು ಹಾಕಿ ಕೈ ಹಿಂದಕ್ಕೆಳೆದ. ಮಲಿಕಸಾಬ ಹೋಗಿ ಎಡಗೈಯಿಂದ ಅವನ ಮುಂಗೈ ಹಿಡಿದುಕೊಂಡ. ಬಾಳಾಸಾಬ ಕೊಡವಿದ. ಬಿಡಲಿಲ್ಲ.

"ಸಿದ್ಯಾ, ಕುಂದ್ರು. ನಿಮ್ಮಣ್ಣಗ ಹಗ್ಗ ಒಗದಾವ ನಾನು."

ಹೊಲದ ಆಚೆ ರವದಿಯಲ್ಲಿ ಗಾಳಿ ಆಡಿತು. 

"ನಾ ಅವನ್ನ ಎಳಿಯಾಕ ಹೋಗಿದ್ದಿಲ್ಲ. ನಾ ಕೆಳಗ ಇದ್ದೆ," ಎಂದ ಮಲಿಕಸಾಬ. ಅವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಬಾಳಾಸಾಬನ ಕೈಯಲ್ಲಿದ್ದ ಹಗ್ಗವನ್ನು ನೋಡುತ್ತಿದ್ದ. "ಉಳ್ಳಾಗಡ್ಡಿ ವ್ಯಾಗನ್ ಅದು, ಮ್ಯಾಲ ತೆರದದ್ದು. ತಾಡಪತ್ರಿ ಹೊಚ್ಚಿ ಹಗ್ಗ ಬಿಗೀಬೇಕಿತ್ತು. ದಿನಾ ಗೋದಾಮಿನ ಕಡೆ ಬಿಗೀತಿದ್ವಿ, ಅಲ್ಲಿ ಮ್ಯಾಲ ತಂತಿ ಇಲ್ಲ. ಅವತ್ತ ಬಿಗಿಯೂದ್ರಾಗ ವ್ಯಾಗನ್ ಸರಿಸಿ ತಂತಿ ಕೆಳಗ ನಿಲ್ಲಿಸಿದ್ರು. ಅಲ್ಲಿ ಏರಬ್ಯಾಡ್ರಿ ಅಂತ ಹೇಳಿದ್ರು, ಇಲ್ಲಂತಲ್ಲ. ಬುರುಡಿ, ಎಲುಬು ಬರದ ಫಳಿ ಇತ್ತು. ಉಣ್ಣಾಕ ಕುಂತಾಗ ಅದಕ್ಕ ಟವೆಲ್ ಹಾಕತಿದ್ವಿ ನಾವು. ನಮ್ಮ ರಾಯಬಾಗದಾಗ ರೈಲಿನ ಮ್ಯಾಲ ಆಕಾಶ ಬಿಟ್ಟರ ಏನೈತಿ? ಸಣ್ಣವರಿದ್ದಾಗಿಂದ ರೈಲಿನ ತಲಿ ಮ್ಯಾಲ ಕುಂತು ಮಿರಜಿಗೆ ಹೋದಾವ್ರು. ತಂತಿ ಎರಡಾಳು ಮ್ಯಾಲ ಐತಿ, ನಮಗೇನ ಮಾಡತೈತಿ ಅಂದ್ವಿ. ಅದನ್ನ ಮುಟ್ಟೂದು ಬೇಕಾಗಿಲ್ಲಪ, ಹತ್ತಿರ ಹೋದ್ರ ಸಾಕು, ತಾನೇ ಹಾರಿ ಹಿಡಿತೈತಿ. ಅದು ನಮಗ್ಯಾರಿಗೆ ಗೊತ್ತಿತ್ತು."

ಬಾಳಾಸಾಬ ಕೈ ಇಳಿಸಿದ. ಮಲಿಕಸಾಬ ಅದನ್ನು ಬಿಡಲಿಲ್ಲ.

"ನಾ ಹಗ್ಗ ನಳದ ಕೆಳಗ ತೋಯಿಸಿ ತಂದೆ. ಊರಾಗ ಹ್ಯಾಂಗ ತೋಯಿಸ್ತೀವಿ, ಹಂಗ. ಮ್ಯಾಲ ಒಗದೆ. ನಿಮ್ಮಣ್ಣ ಎರಡೂ ಕೈ ಎತ್ತಿ ನಿಂತಿದ್ದ. ಹಗ್ಗ ಮ್ಯಾಲ ಹೋತು, ತಂತಿ ಅದನ್ನ ಹಿಡೀತು. ಆ ತುದಿ ಅವನ ಕೈಯಾಗ, ಈ ತುದಿ ನನ್ನ ಕೈಯಾಗ. ನನ್ನದು ಒಂದು ಕೈ ತಗೊಂಡು ಹೋತು. ಅಂವಂದು ಅಂವನ್ನs ತಗೊಂಡು ಹೋತು. ದವಾಖಾನಿಂದ ಊರಿಗೆ ಬರೂದ್ರಾಗ, ಎಳಿಯಾಕ ಹೋಗಿದ್ದೆ ಅಂತ ಮಂದಿ ಕತಿ ಮಾಡಿಬಿಟ್ಟಿದ್ರು. ನಾ ಸುಮ್ಮನಾದೆ."

ಮಾಳಸಿದ್ದ ಯಾವಾಗ ಮತ್ತೆ ಕೂತನೋ ಅವನಿಗೆ ತಿಳಿಯಲಿಲ್ಲ. ಹನ್ನೆರಡು ಮಿರಗ. ಹದಿನಾರು ವರ್ಷದವನಿದ್ದಾಗಿನಿಂದ ಅವನು ಆ ಎಕರೆಯಲ್ಲಿ ಕೂರಿಗೆ ಹಿಡಿದಿದ್ದ. ತಾಯಿ ಸೊಂಟ ಬಗ್ಗಿಸಿ ಬಟ್ಟಲಿಗೆ ಬೀಜ ಬಿಡುತ್ತ ಹಿಂದೆ ನಡೆದಿದ್ದಳು. ಶೇಂಗಾ ಏಳದ ವರ್ಷ ಮನೆಯಲ್ಲಿ ಮೂರು ತಿಂಗಳು ಬರೀ ಜೋಳ, ಕಾರ. ಇದೆಲ್ಲ ಒಟ್ಟಿಗೆ ಬಂದು ಎದೆಯ ಮೇಲೆ ಕೂತಿತು. ಬೇರೆ ಯಾವ ದಿನವಾದರೂ ಆಗಿದ್ದರೆ ಎದ್ದು ಹೋಗಬಹುದಿತ್ತು, ಇಲ್ಲವೇ ಮಲಿಕಸಾಬನ ಕುತ್ತಿಗೆಗೆ ಕೈ ಹಾಕಬಹುದಿತ್ತು. ಈಗ ಎರಡೂ ಆಗುವಂತಿರಲಿಲ್ಲ. ಕಾದ ಕಬ್ಬಿಣದ ಮೇಲೆ ಕಾಲು ಮಡಚಿ ಕೂತು, ಆ ಮನುಷ್ಯನ ಮುಖವನ್ನೇ ನೋಡಬೇಕಾಗಿತ್ತು. ನೆಲಕ್ಕಿಳಿಯುವುದು ಯಾವಾಗ ಎಂದು ಹೇಳಬಲ್ಲವನು ಅಲ್ಲಿ ಅವನೊಬ್ಬನೇ.

"ಹೊಗಿ," ಎಂದಳು ಸಕ್ಕುಬಾಯಿ ಮೆಲ್ಲಗೆ.

ಪೈಪು ಊರಿದ್ದ ಕಡೆ ಹೊರೆಗಳ ನಡುವೆ ಸಿಕ್ಕಿದ್ದ ರವದಿ ಹೊತ್ತಿತ್ತು. ಮೊದಲು ಬೀಡಿಯ ಹೊಗೆಯಷ್ಟು. ಆಮೇಲೆ ಮೂಲೆಯ ಹಸಿರು ಗಳದ ಎಲೆ ಸುರುಳಿಯಾಗಿ ಮಡಚಿಕೊಂಡಿತು. ಟ್ರೇಲರಿನ ಟಯರಿನ ಬುಡದಿಂದಲೂ ಸುಟ್ಟ ರಬ್ಬರಿನ ವಾಸನೆ ಬರತೊಡಗಿತು. ಮಾಳಸಿದ್ದನ ಬೆನ್ನಿಗೆ ಬಿಸಿ ತಾಗಿತು.

ಮಲಿಕಸಾಬನ ಮುಖ ಬದಲಾಯಿತು. "ಈಗ ಕುಂದ್ರಾಕ ಬರೂದಿಲ್ಲ. ಸಿದ್ಯಾ, ನಾ ಹೇಳೂದ ಕೇಳು. ಹಗ್ಗ ಇಲ್ಲದ ಬರಬೇಕು."

"ಹ್ಯಾಂಗ?"

"ಎದ್ದು ನಿಲ್ಲು. ಕಾಲಿನ ಜೋಮು ಹೋಗಲಿ. ಅಂಚಿಗೆ ಬಾ, ಆ ಕಬ್ಬಿಣದ ಮೆಟ್ಟಲಕ್ಕ. ಎರಡೂ ಕಾಲ ಕೂಡಸು. ಒಂದು ಕಾಲ ಮುಂದ ಒಂದು ಹಿಂದ ಆಗಬಾರದು. ಎರಡೂ ಕೈ ಎದಿಗೆ ಹಚ್ಕೋ. ಅಲ್ಲಿಂದ ಹಾರು, ಎಷ್ಟು ದೂರ ಆಗತೈತಿ ಅಷ್ಟು ದೂರ. ಮಡ್‌ಗಾರ್ಡ್ ಹಿಡಕೊಂಡು ನೆಲಕ್ಕ ಕಾಲ ಇಟ್ಟಿ ಅಂದ್ರ ಆತು, ಮುಗೀತು. ಕಾಲುವಿ ಕಡೆ ಬ್ಯಾಡ, ಈ ಕಡೆ, ಒಣಾ ನೆಲದ ಕಡೆ."

"ಹಾರಿದ ಮ್ಯಾಲ?"

"ಬಿದ್ದರ ಕೈ ಊರಬ್ಯಾಡ. ಎರಡೂ ಕಾಲ ಹಂಗs ಕೂಡಿಸ್ಕೊಂಡು ಜಿಗೀತಾ ಬಾ. ಆಗಸ್ಟ್ ಹದಿನೈದಕ್ಕ ಸಾಲ್ಯಾಗ ಚೀಲದಾಗ ಕಾಲ ಹಾಕಿ ಓಡತಿದ್ರಲ್ಲ, ಹಂಗ. ನಾ ಸಾಕು ಅನ್ನೂತನಕ ನಡೀಬ್ಯಾಡ. ನೆಲದಾಗೂ ಐತಿ ಅದು. ಕಾಲ ಅಗಲಾದ್ರ ಒಂದ್ರಾಗ ಏರಿ ಇನ್ನೊಂದ್ರಾಗ ಇಳೀತೈತಿ."

ಮಾಳಸಿದ್ದ ಎದ್ದು ನಿಂತ. ಕಾಲಿನಲ್ಲಿ ಇರುವೆ ಹರಿದಾಡುತ್ತಿದ್ದವು. ಮೆಟ್ಟಿಲಿನ ಅಂಚಿಗೆ ಬಂದ. ಹನ್ನೆರಡು ವರ್ಷ ಸುಳ್ಳಿನೊಳಗೆ ಬದುಕಿದವನ ಮಾತು ಇದು. ಬಾಳಾಸಾಬನ ಕೈಯಲ್ಲಿ ಹಗ್ಗ ಇನ್ನೂ ಇತ್ತು, ತುದಿಯಿಂದ ಒಂದು ಹನಿ ನೀರು ಬೀಳಲೋ ಬೇಡವೋ ಎಂದು ತೂಗುತ್ತಿತ್ತು. ಅದನ್ನು ನೋಡಿದ. ಮಲಿಕಸಾಬನ ಮಡಚಿದ ತೋಳನ್ನು ನೋಡಿದ. ಎದೆಗೆ ಕೈ ಹಚ್ಚಿಕೊಂಡು ಹಾರಿದ.

ಎರಡೂ ಕಾಲು ಒಟ್ಟಿಗೇ ನೆಲಕ್ಕೆ ತಾಗಿದವು. ಅಂಗಾಲಿನಿಂದ ಮೀನಖಂಡದ ತನಕ ಸೂಜಿ ಎಳೆದ ಹಾಗೆ ಏನೋ ಸರಿದುಹೋಯಿತು. ಮುಗ್ಗರಿಸಿದ. ಕೈ ಊರಲಿಲ್ಲ.

"ಜಿಗಿ."

ಜಿಗಿದ. ಮತ್ತೆ ಜಿಗಿದ. ಮೀಸೆ ಬಿಟ್ಟ ಗಂಡಸು, ಮೋರೆಯ ತುಂಬ ಗುಲಾಲು, ಕಾಲು ಕಟ್ಟಿದ ಕೋಳಿಯ ಹಾಗೆ ಜಿಗಿಯುತ್ತ ಬಂದ. ಯಾರೂ ನಗಲಿಲ್ಲ. ಹದಿನೆಂಟೋ ಇಪ್ಪತ್ತೋ ಸಲ.

"ಸಾಕು," ಎಂದ ಮಲಿಕಸಾಬ.

ಸಕ್ಕುಬಾಯಿ ಕೊಡ ಬಗ್ಗಿಸಿದಳು. ಅವನು ಬೊಗಸೆ ಹಿಡಿದು ಕುಡಿದ, ಉಳಿದದ್ದನ್ನು ತಲೆಗೆ ಸುರಿದುಕೊಂಡ. ಕೆಂಪು ನೀರು ಅಂಗಿಯ ಮೇಲೆ ಇಳಿಯಿತು. ಮಲಿಕಸಾಬ ನಾಲ್ಕು ಹೆಜ್ಜೆ ಆಚೆ ನಿಂತಿದ್ದ, ಹತ್ತಿರ ಬರಲಿಲ್ಲ. ಮಾಳಸಿದ್ದ ಅವನ ಪಕ್ಕದಿಂದಲೇ ಹಾದು ಊರಿನ ದಾರಿ ಹಿಡಿದ. ಅರ್ಧ ದಾರಿಯಲ್ಲಿ ಅಣ್ಣಾಸಾಬನ ಮೋಟಾರ್‌ಸೈಕಲ್ಲು, ಹಿಂದೆ ಲೈನ್‌ಮನ್ ಎದುರಾದರು. ಲೈನು ಬಂದ್ ಆಗಿದೆ ಎಂದು ಅಣ್ಣಾಸಾಬ ಕೂಗಿ ಹೇಳಿದ. ಅಷ್ಟೊತ್ತಿಗೆ ಕಡೆಯ ಖೇಪಿನ ಕಬ್ಬು ಪೂರ್ತಿ ಉರಿಯುತ್ತಿತ್ತು. ಬೆಲ್ಲ ಹತ್ತಿದ ವಾಸನೆ ಊರ ತನಕ ಬಂದಿತ್ತು.

ಮನೆಗೆ ಅವನಿಗಿಂತ ಮೊದಲೇ ಮಾತು ಮುಟ್ಟಿತ್ತು. ಲಕ್ಕವ್ವ ಹೊಸ್ತಿಲಲ್ಲಿ ನಿಂತಿದ್ದಳು. ಮಗನ ಮೈಯನ್ನು ತಲೆಯಿಂದ ಕಾಲಿನ ತನಕ ಕೈಯಿಂದ ಮುಟ್ಟಿ ನೋಡಿದಳು. ಆಮೇಲೆ ಕೇಳಿದಳು.

"ಹಗ್ಗ ಒಗದಾವ ಅವನಂತ. ಹೌದೇನು?"

"ಹೌದಂತ."

ಅವಳು ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಯುಗಾದಿಯ ದಿನ ವರ್ಷಾ ವರ್ಷ ಮಲಿಕಸಾಬನ ಮನೆಗೆ ಹೋಳಿಗೆ ಹೋಗುತ್ತಿತ್ತು. ಈ ಸಲ ಹೋಗಲಿಲ್ಲ. ರಮಜಾನಿನ ಶಾವಿಗೆಯ ಸುರಕುಂಬಾ ಆ ಕಡೆಯಿಂದ ಬರುತ್ತಿತ್ತು; ಅದೂ ಬರಲಿಲ್ಲ. ಎರಡು ತಿಂಗಳಲ್ಲಿ ಮಾಳಸಿದ್ದ ಮಲಿಕಸಾಬನನ್ನು ಹತ್ತು ಸಲವಾದರೂ ಎದುರಿಗೆ ಕಂಡ. ಜೀವ ಉಳಿಸಿದವನು ಎಂದು ಊರೆಲ್ಲ ಅವನಿಗೆ ಕೈ ಮುಗಿಯುತ್ತಿತ್ತು. ಮಾಳಸಿದ್ದನಿಗೆ ಕೈ ಮುಗಿಯಲೂ ಆಗಲಿಲ್ಲ, ಮೋರೆ ತಿರುವಲೂ ಆಗಲಿಲ್ಲ. ಸೀಟಿನಿಂದ ಇಳಿದಿದ್ದರೂ ಇಳಿದಂತೆ ಅನ್ನಿಸಿರಲಿಲ್ಲ.

ಮಿರಗ ಕೂಡಿದ ಮೂರನೆಯ ದಿನ ಮಳೆ ಸುರಿಯಿತು. ಮರುದಿನ ಬೆಳಿಗ್ಗೆ ಲಕ್ಕವ್ವ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಶೇಂಗಾ ಬೀಜ ಆರಿಸುತ್ತಿದ್ದಳು. ಮಾಳಸಿದ್ದ ಅಂಗಳದಲ್ಲಿ ಕೂರಿಗೆಯ ಮಿಣಿಹಗ್ಗ ಬಿಗಿಯುತ್ತಿದ್ದ. ಮಲಿಕಸಾಬ ಬಂದು ಕಟ್ಟೆಯ ಕೆಳಗೇ ನಿಂತ.

"ಯವ್ವಾ, ಈ ವರ್ಷ ಕೂರಿಗಿ ಕಳಸಬ್ಯಾಡ. ಅದನ್ನ ಹೇಳಾಕ ಬಂದೆ."

ಲಕ್ಕವ್ವ ಕೆಟ್ಟ ಬೀಜ ಒಂದನ್ನು ಪಕ್ಕಕ್ಕೆ ಹಾಕಿದಳು. "ಹೇಳಾಕ ಹನ್ನೆರಡು ವರ್ಷ ಬೇಕಾತೇನೋ ಮಲಿಕಾ?"

"ಮೊದಲನೇ ವರ್ಷ ಹೇಳಬೇಕಂತs ಬಂದಿದ್ದೆ. ನೀ ಕೂರಿಗಿ ಹೂಡಿಸಿಕೊಂಡು ನನ್ನ ಹೊಲದಾಗ ನಿಂತಿದ್ದಿ. ಹೇಳಾಕ ಆಗಲಿಲ್ಲ. ಆಮ್ಯಾಲ ವರ್ಷಾ ಅದು ಭಾರ ಆಕೋತ ಹೋತು."

ಅವಳು ಇನ್ನೊಂದು ಹಿಡಿ ಬೀಜ ಮೊರಕ್ಕೆ ಸುರಿದಳು.

"ನನ ಮಗ ಏನರ ಅಂದ್ನೇನು? ಆವಾಗ."

ಮಲಿಕಸಾಬ ಮಾಳಸಿದ್ದನನ್ನು ನೋಡಿದ, ಹೇಳಲೋ ಬೇಡವೋ ಎನ್ನುವ ಹಾಗೆ. ಮಾಳಸಿದ್ದ ಮಿಣಿಯ ಗಂಟು ಹಿಡಿದು ಹಾಗೇ ನಿಂತ.

"ಮೊದಲ ಒಗದದ್ದು ಅವನ ಕೈಗೆ ಮುಟ್ಟಲಿಲ್ಲ," ಎಂದ ಮಲಿಕಸಾಬ. "ನಕ್ಕ. 'ಉಂಡೀಯೋ ಇಲ್ಲೋ, ಇನ್ನೊಂದೀಟು ಮ್ಯಾಲ ಒಗಿಯಲೇ,' ಅಂದ. ಅಷ್ಟs."

ಲಕ್ಕವ್ವನ ಕೈ ಮೊರದ ಮೇಲೆ ನಿಂತಿತು. ತುಟಿಯ ಅಂಚಿನಲ್ಲಿ ನಗೆಯೋ ಏನೋ ಒಂದು ಬಂದು ಹೋಯಿತು. "ಹಂಗs ಅಂತಿದ್ದ ಅಂವ. ನನಗೂ ಹಂಗs ಅಂತಿದ್ದ," ಎಂದಳು. ಸೆರಗಿನಿಂದ ಮೂಗು ಒರೆಸಿಕೊಂಡು ಮಗನ ಕಡೆ ತಿರುಗಿದಳು. "ಸಿದ್ದಾ, ಕೂರಿಗಿ ಮೊದಲ ನಮ್ಮ ಹೊಲಕ್ಕ ಹೋಗಲಿ. ಅದು ಮುಗದ ಮ್ಯಾಲ ಇವನದಕ್ಕ. ಬೀಜ ಬಿಡಾಕ ನಾ ಬರೂದಿಲ್ಲ."

ಅವರ ಹೊಲಕ್ಕೆ ಎರಡು ದಿನ ಹಿಡಿಯಿತು. ಮೂರನೆಯ ದಿನ ಮಾಳಸಿದ್ದ ಎತ್ತು ಹೊಡೆದುಕೊಂಡು, ಕೂರಿಗೆಯನ್ನು ಗಾಡಿಯಲ್ಲಿ ಹಾಕಿಕೊಂಡು ನದಿಯ ಕಡೆ ನಡೆದ. ಕಾಲುವೆಯ ಹತ್ತಿರ ಬಂದಾಗ ಗಾಡಿ ನಿಲ್ಲಿಸಿದ. ನೆಟ್ಟಗೆ ನಿಂತಿದ್ದ ಕೂರಿಗೆಯ ಕೋಲನ್ನು ಮಲಗಿಸಿ, ಕತ್ತೆತ್ತಿ ಮೇಲೆ ನೋಡಿ, ಆಮೇಲೆ ದಾಟಿಸಿದ.

ಮಲಿಕಸಾಬ ಬೀಜದ ಚೀಲವನ್ನು ಕೊರಳಿಗೆ ಕಟ್ಟಿಕೊಂಡು ಬದುವಿನ ಮೇಲೆ ನಿಂತಿದ್ದ. ಬೇಡವೆಂದು ಈಗ ಅನ್ನಲಿಲ್ಲ. ಕೂರಿಗೆಯ ಹಿಂದೆ ನಡೆಯುತ್ತ ಎಡಗೈಯಿಂದ ಬಟ್ಟಲಿಗೆ ಬೀಜ ಬಿಟ್ಟ. ರೂಢಿ ಇಲ್ಲದ ಕೈ. ಒಂದು ಕಡೆ ದಟ್ಟವಾಗಿ ಬೀಳುತ್ತಿತ್ತು, ಒಂದು ಕಡೆ ಬೀಳುತ್ತಲೇ ಇರಲಿಲ್ಲ. ಮಾಳಸಿದ್ದ ತಿರುಗಿ ನೋಡಿದ. ಎತ್ತುಗಳನ್ನು ಇನ್ನಷ್ಟು ಮೆಲ್ಲಗೆ ನಡೆಸಿದ.

ಮಧ್ಯಾಹ್ನದ ಹೊತ್ತಿಗೆ ಬದುವಿನ ಅಂಚಿಗೆ ಬಂದರು.

"ಮುಗೀತೇನೋ ಸಿದ್ಯಾ?" ಎಂದು ಮಲಿಕಸಾಬ ಕೇಳಿದ.

ಮಾಳಸಿದ್ದ ಬಿತ್ತಿದ ನೆಲವನ್ನು ಈ ಕಡೆಯಿಂದ ಆ ಕಡೆಗೆ ನೋಡಿದ.

"ಇಲ್ಲ ಕಾಕಾ. ಆ ಕಡೆ ಎರಡು ಸಾಲು ಬೀಜಿಲ್ಲದ ಹೋಗ್ಯಾವ," ಎಂದು ಹೇಳಿ ಎತ್ತು ತಿರುವಿದ.